ಸಹಾಯ ಬೇಕು: ಬೇರೆ ಬೇರೆ ಕಾಲದ ಮನೆಗಳಿಗೆ ಹೊಸ ಕಿಟಕಿ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯಲ್ಲಿ ಹಳೆಯ ಮರದ ಕಿಟಕಿಗಳ ಮನೆಗಳೂ ಇವೆ, ಅಲ್ಯೂಮಿನಿಯಂ ಸ್ಲೈಡಿಂಗ್ ಇರುವ ಮನೆಗಳೂ ಇವೆ. ಒಟ್ಟಿಗೆ ಬದಲಾಯಿಸಬೇಕೆಂದಿದ್ದೇವೆ.

ಪ್ರತಿ ಕಿಟಕಿಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆದು, ಎತ್ತರವನ್ನೂ ಮೂರು ಕಡೆ ಅಳೆದು, ಅತಿ ಕಡಿಮೆ ಅಳತೆಯಲ್ಲಿ 10 ಮಿ.ಮೀ. ಕಳೆದಿದ್ದೇವೆ. ಕೆಲವು ಕಡೆ ಎರಡು ಕರ್ಣಗಳಿಗೆ 12 ಮಿ.ಮೀ. ವ್ಯತ್ಯಾಸ ಬಂದಿದೆ, ಅಂದರೆ ಗೋಡೆ ಮೂಲೆಮಟ್ಟದಲ್ಲಿಲ್ಲ. ಇಂಥಲ್ಲಿ ಹಳೆಯ ಚೌಕಟ್ಟಿನೊಳಗೇ ಹೊಸದನ್ನು ಕೂರಿಸಬಹುದೇ, ಅಥವಾ ಪೂರ್ತಿ ಕಿತ್ತು ಗಾರೆ ಸರಿಮಾಡಲೇಬೇಕೇ? ಕೆಳಪಟ್ಟಿಗೆ ಸ್ಕ್ರೂಡ್ರೈವರ್ ಸುಲಭವಾಗಿ ಇಳಿದ ಕಡೆ ಕೀಳುವುದು ಖಚಿತ. ಕೊಳೆತ ಮರದಲ್ಲಿ ಸ್ಕ್ರೂ ನಿಲ್ಲದು.

ನಿಜವಾದ ಗೊಂದಲ ಗಾಜಿನದು. 5 ಮಿ.ಮೀ.ನ ಎರಡು ಗಾಜು ಹಾಕಿದರೆ ಚದರ ಮೀಟರಿಗೆ ಸುಮಾರು 25 ಕೆ.ಜಿ. ಹೊರಕ್ಕೆ ತೆರೆಯುವ ದೊಡ್ಡ ಕಿಟಕಿ ಬಾಗಿಲುಗಳು ಈ ಭಾರಕ್ಕೆ ಜೋತುಬೀಳುತ್ತವೆಯೇ? ಚೌಕಟ್ಟು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಆದರೆ ಒಳಗಿನ ಉಕ್ಕಿನ ಪಟ್ಟಿ ಎಷ್ಟು ದಪ್ಪವಿರಬೇಕು? ರಸ್ತೆ ಬದಿಯ ಮನೆಗಳಿಗೆ ಸದ್ದು ತಡೆಯಲು ಲ್ಯಾಮಿನೇಟೆಡ್ ಗಾಜೇ (ನಡುವೆ ಪ್ಲಾಸ್ಟಿಕ್ ಪದರವಿಟ್ಟು ಅಂಟಿಸಿದ್ದು) ಒಳ್ಳೆಯದು ಅನ್ನಿಸುತ್ತದೆ. ಆದರೆ ಸಂದಿನಲ್ಲಿ ಗಾಳಿ ನುಗ್ಗಿದರೆ ಎಂಥ ಗಾಜೂ ವ್ಯರ್ಥ.

ಚೌಕಟ್ಟು-ಗೋಡೆಯ ನಡುವಿನ ಸಂದಿಗೆ ಫೋಮ್ ಹೆಚ್ಚು ತುಂಬಿದರೆ ಅದು ಉಬ್ಬಿ ಚೌಕಟ್ಟನ್ನು ಒಳಕ್ಕೆ ಬಾಗಿಸುತ್ತದೆ, ಆಮೇಲೆ ಬಾಗಿಲು ಸಿಕ್ಕಿಕೊಳ್ಳುತ್ತದೆ. ಇದನ್ನು ತಪ್ಪಿಸಲು ಚೌಕಟ್ಟಿನೊಳಗೆ ಆಸರೆಯ ಅಡ್ಡಪಟ್ಟಿ ಎಷ್ಟು ಹೊತ್ತು ಕೊಟ್ಟಿರಬೇಕು? ಚೌಕಟ್ಟಿನಲ್ಲಿ ಮಳೆನೀರು ಹೊರಹೋಗಲು ಇರುವ ತೂತುಗಳನ್ನು ಸಿಲಿಕೋನ್‌ನಿಂದ ಮುಚ್ಚಿಬಿಡುವವರೂ ಇದ್ದಾರೆ, ದಯವಿಟ್ಟು ಅಂಥ ಸಲಹೆ ಬೇಡ.

ಕೆಲಸ ಗೊತ್ತಿರುವವರು ಚೌಕಟ್ಟಿನ ಬಗೆ, ಗಾಜಿನ ದಪ್ಪ, ಕೀಲಿನ ಭಾರಮಿತಿ ಮೂರನ್ನೂ ಸೇರಿಸಿ ಬರೆಯಿರಿ.