ಅಪ್‌ಡೇಟ್: ನಮ್ಮ ಗ್ರೇಟ್ ಡೇನ್‌ಗೆ ಹೆಸರು ಸಿಕ್ಕಿತು

ಸೊಂಟದೆತ್ತರದ ಕಪ್ಪು ಗ್ರೇಟ್ ಡೇನ್ ಹೆಣ್ಣುನಾಯಿಗೆ ಹೆಸರು ಹೇಳಿ ಅಂತ ಕೇಳಿದ್ದೆನಲ್ಲ, ಕೊನೆಗೆ 'ಕಾಳಿ' ಅಂತ ಇಟ್ಟೆವು. ಸೂಚಿಸಿದವರಿಗೆ ಥ್ಯಾಂಕ್ಸ್!

'ಹಿಡಿಂಬೆ' ನನಗೆ ತುಂಬಾ ಇಷ್ಟವಾಗಿತ್ತು. ಆದರೆ ಓಡುವ ನಾಯಿಯನ್ನು ಕೂಗುವಾಗ ನಾಲಿಗೆ ತೊಡರುತ್ತದೆ. 'ರಾಣಿ' ಅಂತ ಕರೆದರೆ ಎದುರು ಮನೆಯ ಹುಡುಗಿ ಹೊರಗೆ ಬರುತ್ತಾಳೆ. 'ಕಾಳಿ' ಎರಡೇ ಅಕ್ಷರ, ಕೊನೆಯ ಸ್ವರ ಎಳೆದು ಕೂಗಬಹುದು. ಬೇಗ ಕಲಿತಳು.

ದೇವರ ಹೆಸರು ನಾಯಿಗಾ ಅಂತ ಅಮ್ಮ ಗೊಣಗಿದರು. ಆಗ ನೆರವಿಗೆ ಬಂದಿದ್ದು ಆತಕೂರು ಶಾಸನ. ಇದು ನನಗೆ ಗೊತ್ತೇ ಇರಲಿಲ್ಲ! ರಾಷ್ಟ್ರಕೂಟರು, ಗಂಗರು ಸೇರಿ ಚೋಳರ ವಿರುದ್ಧ ಮಾಡಿದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಅನ್ನೋ ಯೋಧನಿಗೆ ಗಂಗರ ರಾಜ ಇಮ್ಮಡಿ ಬೂತುಗ ಏನು ಬೇಕು ಕೇಳು ಅಂದನಂತೆ. ಅವನು ಕೇಳಿದ್ದು ರಾಜನ ಬೇಟೆನಾಯಿಯನ್ನು. ಅದರ ಹೆಸರೇ ಕಾಳಿ. ಮುಂದೆ ಅದು ದೊಡ್ಡ ಕಾಡುಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು. ಕಾಲ ಕ್ರಿ.ಶ. 949-50ರ ಸುಮಾರು. ಕಥೆ ಕೇಳಿ ಅಮ್ಮ ಒಪ್ಪಿದರು.

ಆತಕೂರು ಇರುವುದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನಲ್ಲಿ. ಕಲ್ಲು ಮಾತ್ರ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದೆ. ನಾಯಿ, ಹಂದಿ ಕಾದಾಡುವ ಕೆತ್ತನೆಯೂ ಅದರ ಮೇಲಿದೆ. ನಮ್ಮ ಕಾಳಿಗೆ ಸದ್ಯಕ್ಕೆ ಹಲ್ಲಿ ಕಂಡರೂ ಭಯ, ಅದು ಬೇರೆ ವಿಷಯ.