ಬೇವಿನ ಕಷಾಯ ಹೊಡೆದರೂ ತೊಗರಿಯ ಕೀಡೆ ಸಾಯುತ್ತಿಲ್ಲ, ಯಾಕೆ?

ಕಪ್ಪುನೆಲ: ಕಲಬುರಗಿ ಕಡೆಯ ತೊಗರಿ, ಕಾಯಿ ಕಟ್ಟುತ್ತಿದೆ. 5 ಕೆ.ಜಿ. ಬೇವಿನ ಬೀಜ ಜಜ್ಜಿ, ಅರ್ಧ ಗಂಟೆ ಕುದಿಸಿ, ಸೋಸಿ, 100 ಲೀಟರ್ ಮಾಡಿ ಬೆಳಿಗ್ಗೆ 10ಕ್ಕೆ ಸಿಂಪಡಿಸಿದ್ದು. ಎರಡು ದಿನವಾದರೂ ಕಾಯಿಕೊರಕ ಹಾಗೇ ಇದೆ. ಬೀಜ ಇನ್ನೂ ಜಾಸ್ತಿ ಹಾಕಬೇಕೇನ್ರೀ?

ಬೇವಿನಗಟ್ಟಿ: ಮೊದಲು ಕುದಿಸೋದು ಬಿಡ್ರಿ. ಕಷಾಯ ಅನ್ನೋ ಹೆಸರು ಕೇಳಿ ಎಷ್ಟೋ ಜನ ಒಲೆ ಮೇಲೆ ಇಡ್ತಾರೆ. ಬೇವಿನಲ್ಲಿ ಕೆಲಸ ಮಾಡುವ ಅಜಾಡಿರಾಕ್ಟಿನ್ ಶಾಖಕ್ಕೆ ಕೆಡುತ್ತದೆ.

5 ಕೆ.ಜಿ. ಅಂದರೆ ಸಿಪ್ಪೆ ತೆಗೆದ ತಿರುಳಿನ ತೂಕ, ಅದಕ್ಕೆ ಸುಮಾರು 10 ಕೆ.ಜಿ. ಬೀಜ ಬೇಕು. ಈ ಮಳೆಗಾಲದಲ್ಲಿ ಆಯ್ದು ನೆರಳಲ್ಲಿ ಒಣಗಿಸಿದ್ದೇ ಆಗಬೇಕು. ತಿರುಳು ಕಪ್ಪಾಗಿ ಬೂಸ್ಟು ಹಿಡಿದಿದ್ದರೆ ಎಸೆಯಿರಿ. ತರಿತರಿಯಾಗಿ ಕುಟ್ಟಿ, ಬಟ್ಟೆಯಲ್ಲಿ ಸಡಿಲ ಗಂಟು ಕಟ್ಟಿ, 10 ಲೀಟರ್ ತಣ್ಣೀರಲ್ಲಿ ರಾತ್ರಿಯಿಡೀ ಬಿಡಿ. ನುಣ್ಣಗೆ ರುಬ್ಬಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಪಂಪಿನ ನಾಜಲ್ ಕಟ್ಟುತ್ತದೆ. ಮರುದಿನ ಹಾಲಿನಂಥ ರಸ ಬರೋದು ನಿಲ್ಲುವ ತನಕ ಗಂಟು ಹಿಂಡಿ, ಇನ್ನೊಮ್ಮೆ ಸೋಸಿ, 100 ಲೀಟರ್ ಮಾಡಿ. 200 ಗ್ರಾಂ ಸೋಪು ಬೇರೆ ನೀರಲ್ಲಿ ಕರಗಿಸಿ ಕೊನೆಗೆ ಸೇರಿಸಿ: ಸೋಪು ಕ್ಷಾರ, ಕ್ಷಾರದಲ್ಲಿ ಅಜಾಡಿರಾಕ್ಟಿನ್ ಬೇಗ ಒಡೆಯುತ್ತದೆ. ಉಳಿದದ್ದನ್ನು ನಾಳೆಗೆ ಇಡಬೇಡಿ. ಬಿಸಿಲೂ ಇದಕ್ಕೆ ಶತ್ರು, ಹಾಗಾಗಿ ಸಂಜೆ 4ರ ಮೇಲೆ ಹೊಡೆಯಿರಿ. ಅಷ್ಟೊತ್ತಿಗೆ ಜೇನುಹುಳಗಳ ಓಡಾಟವೂ ಕಮ್ಮಿ.

ಪೊರೆ: ಎರಡು ದಿನಕ್ಕೆ ಸತ್ತ ಹುಳ ಎಣಿಸಿದರೆ ಸಿಗೋದಿಲ್ಲ. ಇದು ನರಕ್ಕೆ ಹೊಡೆಯುವ ವಿಷ ಅಲ್ಲ. ಕೀಡೆ ಬೆಳೆಯಬೇಕಾದರೆ ಪೊರೆ ಕಳಚಬೇಕು, ಅದಕ್ಕೆ ಎಕ್ಡೈಸೋನ್ ಎಂಬ ಹಾರ್ಮೋನು ಏರಬೇಕು. ಅಜಾಡಿರಾಕ್ಟಿನ್ ಆ ಏರಿಕೆಯನ್ನೇ ತಡೆಯುತ್ತದೆ. ಕೀಡೆ ಹಳೇ ಪೊರೆಯಲ್ಲೇ ಸಿಕ್ಕಿಬಿದ್ದು ಸಾಯುತ್ತದೆ. ಅದಕ್ಕೆ ನಾಲ್ಕೈದು ದಿನ, ಕೆಲವೊಮ್ಮೆ ವಾರ ಹಿಡಿಯುತ್ತದೆ. ಅದಕ್ಕೂ ಮೊದಲೇ ಕಾಣೋದು ಮೇವು ಕಮ್ಮಿಯಾಗೋದು, ಬಾಯಿಗೆ ಆ ರುಚಿ ಸೇರೋದಿಲ್ಲ. ಹಾಗಾಗಿ ಹೊಸದಾಗಿ ಕೊರೆದ ಕಾಯಿ ಎಷ್ಟು ಅಂತ ನೋಡಿ.

ಕಪ್ಪುನೆಲ: ಈಗಿರೋ ಕೀಡೆ ಬೆರಳುದ್ದ ಆಗ್ಯಾವ. ಕಷಾಯ ಸರಿಯಾಗಿ ಮಾಡಿ ಮತ್ತೊಮ್ಮೆ ಹೊಡೆದರೆ?

ಬೇವಿನಗಟ್ಟಿ: ಉಪಯೋಗ ಇಲ್ರೀ. ಅಷ್ಟು ಬಲಿತದ್ದು ಕಾಯಿಯೊಳಗೆ ತಲೆ ತೂರಿಸಿ ಕಾಳು ತಿನ್ನುತ್ತಿರುತ್ತದೆ, ಮೇಲೆ ಬಿದ್ದ ಕಷಾಯ ಅದರ ಹೊಟ್ಟೆಗೆ ಹೋಗೋದು ಅಷ್ಟಕ್ಕಷ್ಟೇ. ಸಾಲಿನ ನಡುವೆ ತಾಡಪತ್ರಿ ಹಾಸಿ, ಗಿಡ ಬಗ್ಗಿಸಿ ಮೆಲ್ಲಗೆ ಅಲುಗಾಡಿಸಿ. ಬಿದ್ದ ಕೀಡೆಗಳನ್ನು ಆಯ್ದು ನಾಶ ಮಾಡಿ. ಕಷಾಯದ ಕಾಲ ಮೊಗ್ಗು, ಹೂವಿನ ಹಂತ: ತತ್ತಿ ಕಂಡಾಗ, ಮರಿ ಇನ್ನೂ ಹೊರಗೆ ಮೇಯುವಾಗ.