ಅಪ್‌ಡೇಟ್: ಹಾರ್ಟ್ ಅಟ್ಯಾಕ್ ಆದ ಮೇಲೆ ದೇವರ ಮುಂದೆ ಕೂರಲು ಆಗುತ್ತಿಲ್ಲ ಅಂದಿದ್ದೆನಲ್ಲ

46ನೇ ವಯಸ್ಸಿಗೆ ಹಾರ್ಟ್ ಅಟ್ಯಾಕ್, ಸ್ಟೆಂಟ್ ಹಾಕಿದರು, ಬದುಕಿದೆ. ಆದರೆ ದೇವರ ಮುಂದೆ ಕೂತರೆ ಏನೂ ಅನ್ನಿಸುವುದಿಲ್ಲ, ರಾತ್ರಿಯೆಲ್ಲ ಭಯ, ಏನು ಮಾಡಲಿ ಅಂತ ಹದಿನೈದು ದಿನದ ಹಿಂದೆ ಕೇಳಿದ್ದೆ.

ಮೃತ್ಯುಂಜಯ ಜಪ 108 ಸಲ ಮಾಡಿ ಅಂದವರೇ ಜಾಸ್ತಿ. ಮಾಡಿದೆ. ಕಣ್ಣು ಮುಚ್ಚಿದರೆ ನನ್ನ ಎದೆಬಡಿತವೇ ಕೇಳಿಸುತ್ತಿತ್ತು, ಮೂವತ್ತಕ್ಕೇ ಎದ್ದುಬಿಟ್ಟೆ. ಧ್ಯಾನದ ಆ್ಯಪ್ ಕೂಡ ಅಷ್ಟೇ.

ಕೆಲಸಕ್ಕೆ ಬಂದಿದ್ದು ಒಬ್ಬರು ಒಂದೇ ಸಾಲಿನಲ್ಲಿ ಹೇಳಿದ ಮಾತು: ‘ಉಳಿಸಿದವರನ್ನು ಹೋಗಿ ನೋಡಿ ಬನ್ನಿ.’

ತಾಲ್ಲೂಕು ಆಸ್ಪತ್ರೆಗೆ ಹೋದೆ. ಅವತ್ತು ಇಸಿಜಿ ತೆಗೆದು, ದೊಡ್ಡಾಸ್ಪತ್ರೆಗೆ ಕಳಿಸುವ ಮೊದಲೇ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಟ್ಟಿದ್ದರು. ಹೊರಗೆ ಸಾವಿರಾರು ರೂಪಾಯಿ. ನನಗೆ ಪುಕ್ಕಟೆ ಸಿಕ್ಕಿದ್ದು ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಂತೆ. 2021ರಲ್ಲಿ ಅಪ್ಪು ಹೋದಾಗ ಅವರಿಗೂ 46 ಅಲ್ವಾ. ನರ್ಸ್ ಅಕ್ಕನ ಎದುರೇ ಅತ್ತುಬಿಟ್ಟೆ. ಆಕೆ ‘ಮಾತ್ರೆ ಬಿಡಬೇಡಿ ಅಣ್ಣ’ ಅಂದರು, ಅಷ್ಟೇ.

ಅವತ್ತು ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಕರೆದೊಯ್ದ ಆಟೋದವನನ್ನೂ ನೋಡಲು ಹೋದೆ. ದುಡ್ಡು ಮುಟ್ಟಲಿಲ್ಲ. ಎಳನೀರು ಕುಡಿಸಿ ಕಳಿಸಿದ.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಹಾರ್ಟ್ ಅಟ್ಯಾಕ್ ಆದ ಮೇಲೆ ಹೀಗೆ ಮನಸ್ಸು ಕುಗ್ಗುವುದು ತುಂಬಾ ಜನಕ್ಕೆ ಆಗುತ್ತದಂತೆ. ಡಾಕ್ಟರಿಗೆ ಹೇಳಿದ್ದಕ್ಕೆ ಕೌನ್ಸೆಲಿಂಗ್‌ಗೆ ಬರೆದುಕೊಟ್ಟರು. ನಾನು ಭಕ್ತಿ ಕಮ್ಮಿಯಾಯಿತು ಅಂದುಕೊಂಡಿದ್ದೆ!

ಈಗ ಸಂಜೆ ದೀಪ ಹಚ್ಚಿ ಐದು ನಿಮಿಷ ಸುಮ್ನೆ ಕೂರುತ್ತೇನೆ. ಮಂತ್ರ ಇಲ್ಲ. ಆ ಆಟೋದವನ ಮುಖ ನೆನಪಾಗುತ್ತದೆ. ಆಮೇಲೆ ಮಾತ್ರೆ.